ಓಜೋನ್ ತೂತು ಏನಾಯ್ತು ಸರ್?

ಸೆಪ್ಟೆಂಬರ್ 16 ಬಂತು ಅಂದ್ರೆ ನಮ್ಮ ನ್ಯೂಸ್‌ರೂಮ್‌ನಲ್ಲಿ ಒಂದು ಸಾಲು ತಪ್ಪದೆ ಬರುತ್ತೆ. ‘ಇಂದು ವಿಶ್ವ ಓಜೋನ್ ದಿನ’. ಅದಕ್ಕೆ ಸಿಗೋದು ಬುಲೆಟಿನ್‌ನ ಕೊನೆಯ 20 ಸೆಕೆಂಡು. ತಿರುಗೋ ಭೂಮಿಯ ಒಂದು ಗ್ರಾಫಿಕ್ಸ್, ಅದರ ಸುತ್ತ ನೀಲಿ ಪೊರೆ, ನನ್ನ ಬಾಯಲ್ಲಿ ಮೂರು ವಾಕ್ಯ. ಆಮೇಲೆ ನಮಸ್ಕಾರ. ಮಾರನೇ ದಿನ ಯಾರಿಗೂ ನೆನಪಿರಲ್ಲ. ನಿಜ ಹೇಳಬೇಕಂದ್ರೆ ನನಗೂ ಇರಲ್ಲ.

ಕೆಲವು ವರ್ಷದ ಹಿಂದೆ ಅದೇ ದಿನ ಸಂಜೆ ಒಂದು ಫೋನ್-ಇನ್ ಕಾರ್ಯಕ್ರಮ ಇತ್ತು. ವಿಷಯ ಬೇರೆ, ವಿದ್ಯುತ್ ದರ ಏರಿಕೆ. ತಿಪಟೂರು ಕಡೆಯಿಂದ ಒಬ್ಬರು ಲೈನ್‌ಗೆ ಬಂದರು. ಕರೆಂಟ್ ಬಿಲ್ ಬಗ್ಗೆ ಎರಡು ಮಾತಾಡಿ, ‘ಸರ್, ಇನ್ನೊಂದು ಕೇಳಬಹುದಾ?’ ಅಂದರು. ‘ನಾನು ಫ್ರಿಜ್ ರಿಪೇರಿ ಮಾಡೋನು ಸರ್. ಮೊದಲೆಲ್ಲ ಹಳೇ ಗ್ಯಾಸ್‌ನ ಹಂಗೇ ಗಾಳಿಗೆ ಬಿಟ್ಬಿಡ್ತಿದ್ವಿ. ಆಮೇಲೆ ಕರೆದು ಟ್ರೈನಿಂಗ್ ಕೊಟ್ರು. ಆಕಾಶದಲ್ಲಿ ತೂತು ಬೀಳುತ್ತೆ, ಹಂಗೆಲ್ಲ ಬಿಡಬಾರದು ಅಂದ್ರು. ನನ್ನ ಮಗನ ಸ್ಕೂಲ್ ಪುಸ್ತಕದಲ್ಲೂ ಇತ್ತು. ಈಗ ನೋಡಿದ್ರೆ ಯಾರೂ ಆ ಮಾತೇ ಆಡಲ್ಲ. ಆ ಓಜೋನ್ ತೂತು ಏನಾಯ್ತು ಸರ್? ಅದೂ ಸುಳ್ಳೇನಾ?’

ಬ್ರೇಕ್‌ಗೆ 40 ಸೆಕೆಂಡ್ ಬಾಕಿ ಇತ್ತು. ಕಿವಿಯಲ್ಲಿ ಪ್ರೊಡ್ಯೂಸರ್ ‘ಮುಗ್ಸಿ, ಮುಗ್ಸಿ’ ಅಂತಿದ್ದರು. ‘ಸುಳ್ಳಲ್ಲ ಅಣ್ಣಾ, ಅದು ಸರಿಹೋಗ್ತಾ ಇದೆ’ ಅಂತ ಹೇಳಿ ಬ್ರೇಕ್‌ಗೆ ಹೋದೆ. ಆದ್ರೆ ಆ ಪ್ರಶ್ನೆ ಮನಸ್ಸಲ್ಲೇ ಉಳಿಯಿತು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ರೆಫ್ರಿಜರೇಶನ್ ಲ್ಯಾಬ್‌ನ ವೈವಾದಲ್ಲಿ ಆರ್-12 ಅಂದ್ರೇನು ಅಂತ ಕೇಳಿದರೆ ‘ಡೈಕ್ಲೋರೋಡೈಫ್ಲೋರೋಮೀಥೇನ್’ ಅಂತ ಗಿಣಿಪಾಠ ಒಪ್ಪಿಸಿ ಅಂಕ ತಗೊಂಡವನು. ಅಂಥವನ ಹತ್ತಿರವೂ ಆ ಮನುಷ್ಯನಿಗೆ ಕೊಡೋಕೆ ಪೂರ್ತಿ ಉತ್ತರ ಇರಲಿಲ್ಲ. ಅವತ್ತು ಉಳಿದ ಬಾಕಿಯನ್ನ ಇವತ್ತು ತೀರಿಸ್ತೀನಿ.

ಮೊದಲು ಈ ಓಜೋನ್ ಅಂದ್ರೇನು ಅಂತ ನೋಡೋಣ. ನಾವು ಉಸಿರಾಡೋ ಆಮ್ಲಜನಕದಲ್ಲಿ ಎರಡು ಪರಮಾಣು ಜೊತೆಗಿರುತ್ತವೆ. ಮೂರು ಸೇರಿದರೆ ಅದು ಓಜೋನ್. ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಇದು ಹೆಚ್ಚು. ಸೂರ್ಯನಿಂದ ಬರೋ ಅಪಾಯಕಾರಿ ನೇರಳಾತೀತ ಕಿರಣಗಳನ್ನ ಅಲ್ಲೇ ತಡೆಯೋದು ಇದರ ಕೆಲಸ. ಈ ತಡೆ ಇಲ್ಲದಿದ್ದರೆ ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ ಹೆಚ್ಚುತ್ತೆ. ಬೆಳೆಗೂ ಪೆಟ್ಟು, ಸಮುದ್ರದ ಸೂಕ್ಷ್ಮಜೀವಿಗಳಿಗೂ ಪೆಟ್ಟು. ಹಾಗಂತ ಇದೇನು ದೊಡ್ಡ ಕೋಟೆ ಗೋಡೆ ಅಲ್ಲ. ನಮ್ಮ ತಲೆ ಮೇಲಿರೋ ಅಷ್ಟೂ ಓಜೋನನ್ನ ನೆಲದ ಮಟ್ಟಕ್ಕೆ ತಂದು ಒತ್ತಿಟ್ಟರೆ ಅದರ ದಪ್ಪ ಎಷ್ಟು ಗೊತ್ತಾ? ಬರೀ 3 ಮಿಲಿಮೀಟರ್! ಒಂದರ ಮೇಲೊಂದು ಎರಡು ನಾಣ್ಯ ಇಟ್ಟಷ್ಟು. ತೂತು ಅಂತ ನಾವು ಕರೆಯೋದೂ ನಿಜವಾಗಿ ತೂತಲ್ಲ. ಹಳೇ ಪಂಚೆ ಒಂದು ಕಡೆ ಸವೆದು ಆಚೆಯದು ಕಾಣೋ ಹಾಗೆ ಆಗುತ್ತಲ್ಲ, ಅದು.

ಈ ಪಂಚೆ ಸವೆಸಿದ್ದು ಯಾರು? ಕಥೆ ಶುರುವಾಗೋದು ಅಡುಗೆಮನೆಯಿಂದ. 1920ರ ದಶಕದ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈ ಆಕ್ಸೈಡ್, ಮಿಥೈಲ್ ಕ್ಲೋರೈಡ್ ತುಂಬ್ತಿದ್ದರು. ಲೀಕ್ ಆದರೆ ಮನೆಯವರ ಪ್ರಾಣಕ್ಕೇ ಕುತ್ತು. ಎಷ್ಟರಮಟ್ಟಿಗೆ ಅಂದ್ರೆ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ಲಿಯೋ ಸಿಲಾರ್ಡ್ ಸೇರಿ ಲೀಕ್ ಆಗದ ಫ್ರಿಜ್ ಮಾಡೋಕೆ ಹೊರಟು ಪೇಟೆಂಟ್ ತಗೊಂಡಿದ್ದರು. ಕೊನೆಗೆ ಗೆದ್ದವರು ಅಮೆರಿಕದ ಥಾಮಸ್ ಮಿಡ್ಜ್‌ಲಿ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ನಮ್ಮವರೇ! ಅವರ ತಂಡ ಕಂಡುಹಿಡಿದಿದ್ದು ಕ್ಲೋರೋಫ್ಲೋರೋಕಾರ್ಬನ್, ಅಂದ್ರೆ ಸಿಎಫ್‌ಸಿ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಮಿಡ್ಜ್‌ಲಿ ಆ ಅನಿಲವನ್ನ ಎದೆ ತುಂಬ ಎಳೆದುಕೊಂಡು ಉರಿಯೋ ಮೇಣದಬತ್ತಿಯ ಮೇಲೆ ಊದಿದರು. ಬತ್ತಿ ಆರಿತು, ಮನುಷ್ಯ ಹಾಗೇ ನಿಂತಿದ್ದ. ವಿಷ ಅಲ್ಲ, ಬೆಂಕಿನೂ ಹತ್ತಲ್ಲ. ಇನ್ನೇನು ಬೇಕು? ಫ್ರಿಜ್, ಎಸಿ, ಸೆಂಟ್ ಸ್ಪ್ರೇ, ಸೋಫಾದ ಫೋಮ್, ಎಲ್ಲದಕ್ಕೂ ಅದೇ. ಅಂದಹಾಗೆ ಪೆಟ್ರೋಲ್‌ಗೆ ಸೀಸ ಬೆರೆಸೋ ಉಪಾಯ ಕಂಡುಹಿಡಿದವರೂ ಇದೇ ಮಿಡ್ಜ್‌ಲಿ. ಕೆಟ್ಟ ಮನುಷ್ಯ ಅಲ್ಲ. ಎದುರಿಗಿದ್ದ ಸಮಸ್ಯೆಯನ್ನ ಚೆನ್ನಾಗಿ ಬಗೆಹರಿಸಿದರು. 50 ವರ್ಷ ಆದ್ಮೇಲೆ ಏನಾಗಬಹುದು ಅಂತ ಅವತ್ತು ಯಾರೂ ಕೇಳಲಿಲ್ಲ. ಎಂಜಿನಿಯರ್‌ಗಳಾದ ನಾವು ಈ ಪಾಠವನ್ನ ಸಿಲಬಸ್‌ನಲ್ಲಿ ಓದೋದೇ ಇಲ್ಲ.

ಈಗ ಕಥೆಯ ಇನ್ನೊಂದು ಎಳೆ ಹಿಡಿಯೋಣ. ಅದೇ ಹೊತ್ತಿಗೆ ಆಕ್ಸ್‌ಫರ್ಡ್‌ನಲ್ಲಿ ಗಾರ್ಡನ್ ಡಾಬ್ಸನ್ ಅನ್ನೋ ವಿಜ್ಞಾನಿ ನೆಲದ ಮೇಲೇ ಕೂತು, ಬಿಸಿಲನ್ನ ಅಳೆದು, ಮೇಲಿರೋ ಓಜೋನ್ ಎಷ್ಟು ಅಂತ ಲೆಕ್ಕ ಹಾಕೋ ಉಪಕರಣ ಮಾಡಿದ್ದರು. ಒಂದೇ ಊರಲ್ಲಿ ಅಳೆದರೆ ಏನು ಪ್ರಯೋಜನ? 1920ರ ದಶಕದ ಕೊನೆಗೆ ಆ ಉಪಕರಣಗಳನ್ನ ದೇಶದೇಶಕ್ಕೆ ಕಳಿಸಿದರು. ಒಂದು ಸ್ವಿಟ್ಜರ್ಲೆಂಡಿನ ಅರೋಸಾಗೆ, ಒಂದು ಈಜಿಪ್ಟ್‌ಗೆ, ಒಂದು ಕ್ಯಾಲಿಫೋರ್ನಿಯಾಗೆ, ಒಂದು ನ್ಯೂಜಿಲೆಂಡ್‌ಗೆ. ಇನ್ನೊಂದು ಎಲ್ಲಿಗೆ ಬಂತು ಹೇಳಿ? ನಮ್ಮ ಪಕ್ಕದ ಕೊಡೈಕೆನಾಲ್‌ಗೆ! ಅಲ್ಲಿಯ ವೀಕ್ಷಣಾಲಯದಲ್ಲಿ ಫೋಟೋ ಪ್ಲೇಟ್ ಮೇಲೆ ಬಿಸಿಲಿನ ಗುರುತು ಹಿಡಿದು, ಆ ಪ್ಲೇಟನ್ನ ಹಡಗಿನಲ್ಲಿ ಆಕ್ಸ್‌ಫರ್ಡ್‌ಗೆ ಕಳಿಸಬೇಕಿತ್ತು. ಇಂಟರ್ನೆಟ್ ಇಲ್ಲ, ವಿಮಾನ ಇಲ್ಲ. ಆದ್ರೂ ಜಗತ್ತಿನ ಐದಾರು ಮೂಲೆಯ ಆಕಾಶದ ಲೆಕ್ಕ ಒಂದೇ ಮೇಜಿನ ಮೇಲೆ ಬಂದು ಕೂಡ್ತಿತ್ತು. ಇವತ್ತಿಗೂ ಓಜೋನ್ ಅಳತೆಯ ಮಾನಕ್ಕೆ ‘ಡಾಬ್ಸನ್ ಯೂನಿಟ್’ ಅಂತಲೇ ಹೆಸರು. ಮೂರು ಮಿಲಿಮೀಟರ್ ಅಂದ್ರೆ 300 ಡಾಬ್ಸನ್.

ಭಾರತದವರು ಇಲ್ಲಿ ಬರೀ ಪ್ಲೇಟ್ ಕಳಿಸೋ ಕೆಲಸದವರಾಗಿ ಉಳಿಯಲಿಲ್ಲ. ಸಿ.ವಿ. ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ಓಜೋನ್ ಅಧ್ಯಯನದಲ್ಲಿ ಎಷ್ಟು ದೊಡ್ಡ ಹೆಸರಾದರು ಅಂದ್ರೆ, 1960ರಿಂದ 1967ರವರೆಗೆ ಅಂತರರಾಷ್ಟ್ರೀಯ ಓಜೋನ್ ಆಯೋಗದ ಅಧ್ಯಕ್ಷರೇ ಅವರು. ಇನ್ನೊಬ್ಬರು ಅನ್ನಾ ಮಣಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ರಾಮನ್ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ಮಾಡಿದ ಹೆಣ್ಣುಮಗಳು. ಎಂಎಸ್ಸಿ ಇಲ್ಲ ಅನ್ನೋ ಕಾರಣಕ್ಕೆ ಪಿಎಚ್‌ಡಿ ಕೊಡಲಿಲ್ಲ. ಅವರು ತಲೆ ಕೆಡಿಸಿಕೊಳ್ಳದೆ ಹವಾಮಾನ ಇಲಾಖೆ ಸೇರಿ, ಬಲೂನಿಗೆ ಕಟ್ಟಿ ಹಾರಿಸಿ ಓಜೋನ್ ಅಳೆಯೋ ಸಾಧನವನ್ನ ಭಾರತದಲ್ಲೇ ತಯಾರಿಸೋ ಕೆಲಸಕ್ಕೆ ನಿಂತರು. ಅವತ್ತಿನ ಕಾಲಕ್ಕೆ ಅಂಥ ಸಾಧನ ಸ್ವಂತವಾಗಿ ಮಾಡಬಲ್ಲ ದೇಶಗಳು ಬೆರಳೆಣಿಕೆ.

ಆಮೇಲೆ ಬಂತು 1957. ಅಮೆರಿಕ ಮತ್ತು ಸೋವಿಯತ್ ರಷ್ಯಾ ಒಬ್ಬರ ಮುಖ ಒಬ್ಬರು ನೋಡದ ಕಾಲ. ಆದರೂ 1957ರ ಜುಲೈನಿಂದ 1958ರ ಡಿಸೆಂಬರ್‌ವರೆಗೆ 67 ದೇಶಗಳು ಸೇರಿ ‘ಅಂತರರಾಷ್ಟ್ರೀಯ ಭೂಭೌತ ವರ್ಷ’ ಆಚರಿಸಿದವು. ಭೂಮಿಯ ಗಾಳಿ, ನೀರು, ಹಿಮ, ಕಾಂತತ್ವ ಎಲ್ಲವನ್ನೂ ಒಟ್ಟಿಗೆ ಅಳೆಯೋದು, ಲೆಕ್ಕವನ್ನ ಎಲ್ಲರಿಗೂ ತೆರೆದಿಡೋದು. ಅದಕ್ಕೋಸ್ಕರ ಬ್ರಿಟಿಷರು 1956ರಲ್ಲಿ ಅಂಟಾರ್ಕ್ಟಿಕಾದ ಹಿಮದ ಮೇಲೆ ಹ್ಯಾಲಿ ಬೇ ಅನ್ನೋ ಸಣ್ಣ ಠಾಣೆ ಕಟ್ಟಿದರು. ಒಂದು ಡಾಬ್ಸನ್ ಉಪಕರಣ ಅಲ್ಲಿಗೂ ಹೋಯಿತು. ವರ್ಷ ಮುಗಿಯಿತು, ಅಳತೆ ಮಾತ್ರ ನಿಲ್ಲಲಿಲ್ಲ. ಯಾರೋ ನಾಲ್ಕು ಜನ, ಕೊರೆಯೋ ಚಳಿಯಲ್ಲಿ, ವರ್ಷಗಟ್ಟಲೆ ಅದೇ ಉಪಕರಣಕ್ಕೆ ಕಣ್ಣಿಟ್ಟು ಅದೇ ಅಂಕಿ ಬರೆಯೋದು. ಟಿಆರ್‌ಪಿ ಸೊನ್ನೆ. ಈ ಠಾಣೆಯ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀವಿ.

1971ರಲ್ಲಿ ಜೇಮ್ಸ್ ಲವ್‌ಲಾಕ್ ಅನ್ನೋ ಬ್ರಿಟಿಷ್ ವಿಜ್ಞಾನಿ ತಾನೇ ತಯಾರಿಸಿದ ಸೂಕ್ಷ್ಮ ಯಂತ್ರ ಹೊತ್ತು ಅಂಟಾರ್ಕ್ಟಿಕಾ ಕಡೆ ಹೊರಟ ಹಡಗು ಹತ್ತಿದರು. ದಾರಿಯುದ್ದಕ್ಕೂ ಗಾಳಿ ಪರೀಕ್ಷೆ. ಎಲ್ಲಿ ನೋಡಿದರೂ ಸಿಎಫ್‌ಸಿ! ಊರಿಲ್ಲದ, ಫ್ರಿಜ್ ಇಲ್ಲದ ನಡುಸಮುದ್ರದಲ್ಲೂ ಅದೇ. ಅಂದ್ರೆ ಕಾರ್ಖಾನೆಯಿಂದ ಆಚೆ ಬಂದ ಈ ಅನಿಲ ಎಲ್ಲೂ ಕರಗದೆ, ಕೊಳೆಯದೆ ಹಾಗೇ ಸುತ್ತುತ್ತಾ ಇದೆ. ಇದರಿಂದ ಅಪಾಯವೇನೂ ಇಲ್ಲ ಅಂತ ಲವ್‌ಲಾಕ್ ಬರೆದರು. ಆ ಮಾತಿಗೆ ಆಮೇಲೆ ಅವರೇ ಪಶ್ಚಾತ್ತಾಪ ಪಟ್ಟರು.

ಈ ಸುದ್ದಿ ಕೇಳಿದ ಕ್ಯಾಲಿಫೋರ್ನಿಯಾದ ಶೆರ್ವುಡ್ ರೋಲೆಂಡ್, ಮೆಕ್ಸಿಕೋದಿಂದ ಬಂದಿದ್ದ ಯುವಕ ಮಾರಿಯೋ ಮೊಲಿನಾ, ಇಬ್ಬರೂ ಒಂದು ಸರಳ ಪ್ರಶ್ನೆ ಹಿಡಿದು ಕೂತರು. ಕೆಳಗೆ ಯಾವುದಕ್ಕೂ ಜಗ್ಗದ ಈ ಅನಿಲ ಕೊನೆಗೆ ಎಲ್ಲಿ ಹೋಗುತ್ತೆ? ಉತ್ತರ: ಮೇಲೆ. ತುಂಬ ಮೇಲೆ ಹೋದಾಗ ನೇರಳಾತೀತ ಕಿರಣದ ಪೆಟ್ಟಿಗೆ ಒಡೆದು ಕ್ಲೋರಿನ್ ಬಿಡುಗಡೆ ಆಗುತ್ತೆ. ಆ ಒಂದು ಕ್ಲೋರಿನ್ ಪರಮಾಣು ಒಂದು ಓಜೋನನ್ನ ಮುರಿದು ತಾನು ಸಾಯಲ್ಲ. ಹೊರಗೆ ಬಂದು ಇನ್ನೊಂದನ್ನ ಮುರಿಯುತ್ತೆ, ಮತ್ತೊಂದನ್ನ ಮುರಿಯುತ್ತೆ. ಹೀಗೆ ಸುಮಾರು ಒಂದು ಲಕ್ಷ! 1974ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಬಂತು. ಲೆಕ್ಕ ಮುಗಿದ ದಿನಗಳಲ್ಲಿ ರೋಲೆಂಡ್ ಮನೆಗೆ ಬಂದು ಹೆಂಡತಿಗೆ, ಕೆಲಸವೇನೋ ಚೆನ್ನಾಗಿ ನಡೀತಿದೆ, ಆದರೆ ಪ್ರಪಂಚ ಮುಗಿಯೋ ಹಾಗೆ ಕಾಣ್ತಿದೆ ಅಂದರಂತೆ.

ಇಲ್ಲಿ ನಮ್ಮ ಬೆಂಗಳೂರಿನ ಒಂದು ಎಳೆ ಬಂದು ಸೇರುತ್ತೆ. ವೀರಭದ್ರನ್ ರಾಮನಾಥನ್. ಹಿಂದೆ ಹೇಳಿದ ರಾಮನಾಥನ್ ಬೇರೆ, ಇವರು ಬೇರೆ. ಮಧುರೈನಲ್ಲಿ ಹುಟ್ಟಿ, 11ನೇ ವಯಸ್ಸಿಗೆ ಬೆಂಗಳೂರಿಗೆ ಬಂದ ಹುಡುಗ. ತಮಿಳಲ್ಲಿ ಓದುತ್ತಿದ್ದವನಿಗೆ ಇಲ್ಲಿ ದಿಢೀರನೆ ಇಂಗ್ಲಿಷ್ ಪಾಠ. ಮೇಷ್ಟ್ರು ಹೇಳಿದ್ದು ತಲೆಗೆ ಹತ್ತದೆ ಎಲ್ಲವನ್ನೂ ತಾನೇ ಯೋಚಿಸಿ ಅರ್ಥಮಾಡಿಕೊಳ್ಳೋದು ರೂಢಿಯಾಯಿತಂತೆ. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದ್‌ನ ಒಂದು ಫ್ರಿಜ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಅವರಿಗೆ ಕೊಟ್ಟ ಕೆಲಸ ಏನು ಗೊತ್ತಾ? ಫ್ರಿಜ್‌ನಿಂದ ಗ್ಯಾಸ್ ಯಾಕೆ ಲೀಕ್ ಆಗುತ್ತೆ ಅಂತ ಹುಡುಕೋದು! ಅಲ್ಲಿಂದ ಬೆಂಗಳೂರಿನ ಐಐಎಸ್ಸಿ, ಅಲ್ಲಿಂದ ಅಮೆರಿಕ. 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಬರೆದದ್ದು ಇನ್ನೊಂದು ಬಾಂಬು. ಇದೇ ಸಿಎಫ್‌ಸಿ ಭೂಮಿಯನ್ನ ಬಿಸಿ ಕೂಡ ಮಾಡುತ್ತೆ, ಒಂದೊಂದು ಅಣುವೂ ಇಂಗಾಲದ ಡೈ ಆಕ್ಸೈಡ್‌ನ ಒಂದು ಅಣುವಿಗಿಂತ ಹತ್ತು ಸಾವಿರ ಪಟ್ಟು ಹೆಚ್ಚು. ಲೀಕ್ ಆದ ಗ್ಯಾಸ್ ಎಲ್ಲಿ ಹೋಯಿತು ಅನ್ನೋ ಪ್ರಶ್ನೆಗೆ ಹುಡುಗ ಕೊನೆಗೂ ಉತ್ತರ ಹುಡುಕಿದ್ದ.

ಕಂಪನಿಗಳು ಸುಮ್ಮನಿದ್ದವಾ? ಇಲ್ಲ. ಇದೆಲ್ಲ ಬರೀ ಊಹೆ, ಸಾಕ್ಷಿ ತೋರಿಸಿ ಅಂದವು. ವಿಶ್ವಾಸಾರ್ಹ ಪುರಾವೆ ಸಿಕ್ಕರೆ ತಯಾರಿಕೆ ನಿಲ್ಲಿಸ್ತೀವಿ ಅಂತ ಜಗತ್ತಿನ ಅತಿ ದೊಡ್ಡ ಉತ್ಪಾದಕ ಡ್ಯೂಪಾಂಟ್ 1975ರಲ್ಲಿ ಜಾಹೀರಾತನ್ನೇ ಕೊಟ್ಟಿತು. 1978ರಲ್ಲಿ ಅಮೆರಿಕ ಸ್ಪ್ರೇ ಡಬ್ಬಿಗಳಲ್ಲಿ ಸಿಎಫ್‌ಸಿ ನಿಷೇಧಿಸಿದ್ದು ಬಿಟ್ಟರೆ ದೊಡ್ಡದೇನೂ ಆಗಲಿಲ್ಲ. 1985ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಒಂದು ಒಪ್ಪಂದ ಆಯಿತು. ಅದರಲ್ಲಿ ಇದ್ದದ್ದು ಇಷ್ಟೇ: ಒಟ್ಟಿಗೆ ಸಂಶೋಧನೆ ಮಾಡೋಣ, ಮಾಹಿತಿ ಹಂಚಿಕೊಳ್ಳೋಣ. ಕಡಿತದ ಒಂದು ಅಂಕಿಯೂ ಇಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಕಾಫಿ ಕುಡಿದು ಎದ್ದರು.

ಎರಡೇ ತಿಂಗಳು. 1985ರ ಮೇ 16. ಹ್ಯಾಲಿ ಬೇ ನೆನಪಿದೆಯಲ್ಲ? ಜೋ ಫಾರ್ಮನ್, ಬ್ರಯಾನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ ಅನ್ನೋ ಮೂವರು ‘ನೇಚರ್’ನಲ್ಲಿ ಒಂದು ಗ್ರಾಫ್ ಪ್ರಕಟಿಸಿದರು. ಅಲ್ಲಿ ಅಕ್ಟೋಬರ್ ತಿಂಗಳಲ್ಲಿ 300 ಡಾಬ್ಸನ್ ಆಸುಪಾಸು ಇರ್ತಿದ್ದ ಓಜೋನ್ 1984ರ ಹೊತ್ತಿಗೆ 200ಕ್ಕೆ ಇಳಿದಿತ್ತು. ಮೂರರಲ್ಲಿ ಒಂದು ಪಾಲು ಮಾಯ! ಮೊದಮೊದಲು ಅವರೇ ನಂಬಲಿಲ್ಲ. ಉಪಕರಣ ಹಳೇದಾಗಿದೆ ಅಂತ ಹೊಸದು ತರಿಸಿದರು. ಅದೂ ಅದನ್ನೇ ಹೇಳಿತು. ಸಾವಿರ ಕಿಲೋಮೀಟರ್‌ಗೂ ದೂರದ ಇನ್ನೊಂದು ಠಾಣೆಯ ಅಂಕಿ ನೋಡಿದರು, ಅಲ್ಲೂ ಇಳಿಕೆ. ಜಪಾನಿನ ಶಿಗೆರು ಚುಬಾಚಿ ತಮ್ಮ ದೇಶದ ಸ್ಯೋವಾ ಠಾಣೆಯ ವಿಚಿತ್ರ ಅಂಕಿಗಳನ್ನ 1984ರಲ್ಲೇ ಒಂದು ಸಮ್ಮೇಳನದಲ್ಲಿ ಇಟ್ಟಿದ್ದರು. ಯಾರೂ ಹೆಚ್ಚು ಗಮನಿಸಿರಲಿಲ್ಲ.

ಹಾಗಾದ್ರೆ ಮೇಲೆ ಹಾರ್ತಿದ್ದ ನಾಸಾದ ಉಪಗ್ರಹಕ್ಕೆ ಏನಾಗಿತ್ತು? ಕಂಪ್ಯೂಟರ್ ಆ ಅಂಕಿಗಳನ್ನ ಕಸಕ್ಕೆ ಎಸೆದುಬಿಟ್ಟಿತ್ತು ಅಂತ ಒಂದು ಕಥೆ ಎಲ್ಲ ಕಡೆ ಓಡಾಡುತ್ತೆ. ನಾವೂ ಟಿವಿಯಲ್ಲಿ ಹೇಳಿರ್ತೀವಿ. ಅದು ಪೂರ್ತಿ ನಿಜ ಅಲ್ಲ. ಅತಿ ಕಡಿಮೆ ಅಂಕಿ ಬಂದರೆ ‘ಅನುಮಾನಾಸ್ಪದ’ ಅಂತ ಗುರುತು ಹಾಕೋ ವ್ಯವಸ್ಥೆ ಇತ್ತು, ಎಸೆದಿರಲಿಲ್ಲ. ಅಲ್ಲಿದ್ದ ಭಾರತ ಮೂಲದ ಪವನ್ ಕುಮಾರ್ ಭಾರ್ತಿಯಾ ಮತ್ತು ಸಂಗಡಿಗರು ಆ ಗುರುತುಗಳನ್ನ ಪರಿಶೀಲಿಸಿ, ಅದೇ ವರ್ಷ ಪ್ರಾಗ್‌ನ ಸಮ್ಮೇಳನದಲ್ಲಿ ಇಡೀ ಅಂಟಾರ್ಕ್ಟಿಕಾದ ನಕ್ಷೆ ತೋರಿಸಿದರು. ನೆಲದ ಅಂಕಿ ಒಂದು ಜಾಗದ್ದು. ಉಪಗ್ರಹದ ಚಿತ್ರ ಇಡೀ ಖಂಡದ್ದು. ಎರಡೂ ಒಂದನ್ನೊಂದು ಹಿಡಿದು ನಿಂತವು. ಆ ಚಿತ್ರ ನೋಡಿದ ಮೇಲೆ ‘ತೂತು’ ಅನ್ನೋ ಶಬ್ದ ಜಗತ್ತಿನ ಬಾಯಿಗೆ ಬಂತು.

ಆದರೆ ಅಂಟಾರ್ಕ್ಟಿಕಾದಲ್ಲೇ ಯಾಕೆ? ಅಲ್ಲಿ ಯಾರೂ ಫ್ರಿಜ್ ಇಟ್ಟುಕೊಂಡಿಲ್ಲವಲ್ಲ! ಕಂಪನಿಗಳೂ ಇದನ್ನೇ ಹಿಡಿದವು. 1986ರಲ್ಲಿ 30 ವರ್ಷದ ಸೂಸನ್ ಸೊಲೊಮನ್ ಅನ್ನೋ ವಿಜ್ಞಾನಿ ಒಂದು ತಂಡ ಕಟ್ಟಿಕೊಂಡು, ಚಳಿಗಾಲ ಇನ್ನೂ ಮುಗಿಯದ ಆಗಸ್ಟ್‌ನಲ್ಲೇ ಅಂಟಾರ್ಕ್ಟಿಕಾಕ್ಕೆ ಹೋದರು. ಅವರ ವಿವರಣೆ ಹೀಗೆ: ಧ್ರುವದ ದೀರ್ಘ ರಾತ್ರಿಯಲ್ಲಿ ಮೇಲಿನ ಗಾಳಿ ಸೊನ್ನೆಗಿಂತ 78 ಡಿಗ್ರಿಗೂ ಕೆಳಗಿಳಿದು ವಿಶೇಷ ಮೋಡಗಳು ಕಟ್ಟುತ್ತವೆ. ಆ ಮೋಡದ ಹಿಮಕಣಗಳ ಮೇಲೆ ನಿದ್ದೆಯಲ್ಲಿದ್ದ ಕ್ಲೋರಿನ್ ಎಚ್ಚರವಾಗುತ್ತೆ. ಸೆಪ್ಟೆಂಬರ್‌ನಲ್ಲಿ ಸೂರ್ಯ ಹುಟ್ಟಿದ ಕೂಡಲೇ ಓಜೋನ್ ಬೇಟೆ ಶುರು.

ಈಗ ಬರುತ್ತೆ ಆ ದಿನ. 1987ರ ಸೆಪ್ಟೆಂಬರ್ 16. ಕೆನಡಾದ ಮಾಂಟ್ರಿಯಲ್‌ನಲ್ಲಿ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯಸ್ಥ, ಈಜಿಪ್ಟ್‌ನ ಮೊಸ್ತಫಾ ತೋಲ್ಬಾ ಮುಂದೆ ನಿಂತು ಮಾಡಿಸಿದ ಒಪ್ಪಂದಕ್ಕೆ 24 ದೇಶಗಳು ಮತ್ತು ಯುರೋಪಿಯನ್ ಸಮುದಾಯ ಸಹಿ ಹಾಕಿದವು. ಶತಮಾನದ ಕೊನೆಯೊಳಗೆ ಸಿಎಫ್‌ಸಿ ಅರ್ಧ ಇಳಿಸಬೇಕು. ಅದೇ ದಿನ, ಸಾವಿರಾರು ಕಿಲೋಮೀಟರ್ ದೂರದಲ್ಲಿ, ಚಿಲಿ ದೇಶದ ಪುಂಟಾ ಅರೆನಾಸ್‌ನಿಂದ ಇಆರ್-2 ಅನ್ನೋ ವಿಮಾನ ಅಂಟಾರ್ಕ್ಟಿಕಾದ ಕಡೆ ಹಾರಿತ್ತು. ಶೀತಲ ಸಮರದಲ್ಲಿ ರಷ್ಯಾ ಮೇಲೆ ಗೂಢಚರ್ಯೆ ಮಾಡಿದ ಯು-2 ವಿಮಾನದ ತಮ್ಮ ಇದು. ಒಬ್ಬನೇ ಪೈಲಟ್, ಸುಮಾರು 18 ಕಿಲೋಮೀಟರ್ ಎತ್ತರ. ಅವತ್ತು ಅದು ತಂದ ಗ್ರಾಫ್‌ನಲ್ಲಿ ಕ್ಲೋರಿನ್ ಗೆರೆ ಎಲ್ಲಿ ಏರಿತ್ತೋ ಅಲ್ಲೇ ಓಜೋನ್ ಗೆರೆ ಬಿದ್ದಿತ್ತು. ಕೈಗೆ ಸಿಕ್ಕ ಸಾಕ್ಷಿ ಅಂದ್ರೆ ಅದು.

ಇಲ್ಲಿ ಒಂದು ಕ್ಷಣ ನಿಲ್ಲಿ. ಮಾಂಟ್ರಿಯಲ್‌ನಲ್ಲಿ ಸಹಿ ಹಾಕಿದವರ ಕೈಯಲ್ಲಿ ಆ ಗ್ರಾಫ್ ಇರಲಿಲ್ಲ. ಪೂರ್ತಿ ಸಾಕ್ಷಿ ಬರಲಿ ಅಂತ ಕಾಯದೆ, ಇದ್ದಷ್ಟು ಎಚ್ಚರಿಕೆಯ ಮೇಲೆ ಅವರು ಸಹಿ ಹಾಕಿದ್ದರು. ಜೊತೆಗೆ ಒಂದು ಜಾಣತನ ಮಾಡಿದ್ದರು. ನಾಲ್ಕು ವರ್ಷಕ್ಕೊಮ್ಮೆಯಾದರೂ ವಿಜ್ಞಾನಿಗಳು ವರದಿ ಕೊಡಬೇಕು, ಅದನ್ನ ನೋಡಿ ನಿಯಮ ಬಿಗಿ ಮಾಡಬಹುದು ಅಂತ ಬಾಗಿಲು ತೆರೆದಿಟ್ಟಿದ್ದರು. ಸಾಕ್ಷಿ ಬಂದಂತೆಲ್ಲ ಕಾನೂನು ಬಿಗಿಯಾಯಿತು. 1988ರ ಮಾರ್ಚ್‌ನಲ್ಲಿ ಡ್ಯೂಪಾಂಟ್ ತಯಾರಿಕೆ ನಿಲ್ಲಿಸ್ತೀವಿ ಅಂತ ಘೋಷಿಸಿತು. 1990ರಲ್ಲಿ ಲಂಡನ್‌ನಲ್ಲಿ ‘ಅರ್ಧ’ ಹೋಗಿ ‘ಪೂರ್ತಿ’ ಆಯಿತು.

ಭಾರತ ಎಲ್ಲಿತ್ತು? ಮಾಂಟ್ರಿಯಲ್‌ನಲ್ಲಿ ಭಾರತ ಸಹಿ ಹಾಕಲಿಲ್ಲ, ಚೀನಾನೂ ಹಾಕಲಿಲ್ಲ. ಹಠ ಅಂತ ಅನ್ನಬೇಡಿ. ಸಿಎಫ್‌ಸಿಯ ಬಹುಪಾಲು ತಯಾರಿಸಿ ಬಳಸಿದ್ದು ಶ್ರೀಮಂತ ದೇಶಗಳು. ನಮ್ಮಲ್ಲಿ ಆಗ ಬೀದಿಗೊಂದು ಫ್ರಿಜ್ ಇದ್ದರೆ ಹೆಚ್ಚು. ಅಕ್ಕಪಕ್ಕದವರೆಲ್ಲ ಐಸ್‌ಗೆ ಅದೇ ಮನೆಗೆ ಹೋಗ್ತಿದ್ದ ಕಾಲ. ನಾವು ಈಗ ತಾನೇ ಕೊಳ್ಳೋಕೆ ಹೊರಟಾಗ ‘ಆ ಗ್ಯಾಸ್ ಬೇಡ, ದುಬಾರಿ ಗ್ಯಾಸ್ ಕೊಳ್ಳಿ, ಅದೂ ನಮ್ಮಿಂದಲೇ ಕೊಳ್ಳಿ’ ಅಂದ್ರೆ? ಪಂಚೆ ಹರಿದವರು ಅವರು, ಹೊಲಿಗೆ ಕೂಲಿ ನಾವು ಕೊಡಬೇಕಾ? 1990ರ ಲಂಡನ್ ಸಭೆಯಲ್ಲಿ ಆಗಿನ ಪರಿಸರ ಸಚಿವೆ ಮೇನಕಾ ಗಾಂಧಿ ಈ ವಾದವನ್ನ ಗಟ್ಟಿಯಾಗಿಯೇ ಮಂಡಿಸಿದರು. ಹಣ ಕೊಡಿ, ತಂತ್ರಜ್ಞಾನ ಕೊಡಿ, ಆಮೇಲೆ ಮಾತಾಡೋಣ.

ಮತ್ತೆ, ಕೊಟ್ಟರು! ಆ ಸಭೆಯಲ್ಲೇ ‘ಬಹುಪಕ್ಷೀಯ ನಿಧಿ’ ಹುಟ್ಟಿತು. ಮೊದಲ ಮೂರು ವರ್ಷಕ್ಕೆ 16 ಕೋಟಿ ಡಾಲರ್. ಭಾರತ, ಚೀನಾ ಸೇರಿದರೆ ಇನ್ನೂ 8 ಕೋಟಿ. ನಿಧಿಯ ಆಡಳಿತ ಸಮಿತಿಯಲ್ಲಿ 14 ಕುರ್ಚಿ. ಏಳು ಶ್ರೀಮಂತ ದೇಶಗಳಿಗೆ, ಏಳು ಬಡ ದೇಶಗಳಿಗೆ. ದುಡ್ಡು ಕೊಟ್ಟವನದೇ ದರ್ಬಾರು ಅಲ್ಲ. ಬಡ ದೇಶಗಳಿಗೆ ಹತ್ತು ವರ್ಷದ ಹೆಚ್ಚುವರಿ ಗಡುವು ಮೊದಲೇ ಇತ್ತು. 1992ರ ಜೂನ್‌ನಲ್ಲಿ ಭಾರತ ಸೇರಿತು. 2008ರ ಆಗಸ್ಟ್ 1ರಂದು, ಗಡುವಿಗೆ 17 ತಿಂಗಳು ಇರುವಾಗಲೇ, ಆಸ್ತಮಾ ಇನ್ಹೇಲರ್‌ನಂಥ ಔಷಧಿ ಬಳಕೆ ಬಿಟ್ಟು ಉಳಿದೆಲ್ಲ ಸಿಎಫ್‌ಸಿ ತಯಾರಿಕೆಯನ್ನ ಭಾರತ ನಿಲ್ಲಿಸಿತು. ಈ ನಿಧಿಯ ಹಣದಿಂದ ಕಾರ್ಖಾನೆಗಳು ಯಂತ್ರ ಬದಲಿಸಿದವು. ಊರೂರಿನ ಫ್ರಿಜ್ ಮೆಕ್ಯಾನಿಕ್‌ಗಳಿಗೆ ತರಬೇತಿ ಸಿಕ್ಕಿತು. ಗ್ಯಾಸನ್ನ ಗಾಳಿಗೆ ಬಿಡಬೇಡಿ, ಸಿಲಿಂಡರ್‌ಗೆ ಎಳೆದುಕೊಳ್ಳಿ ಅಂತ ಹೇಳಿಕೊಟ್ಟರು. ತಿಪಟೂರಿನ ಅಣ್ಣನನ್ನ ಟ್ರೈನಿಂಗ್‌ಗೆ ಕರೆದರಲ್ಲ, ಅದರ ಬೇರು ಲಂಡನ್‌ನ ಆ ಸಭೆಯಲ್ಲಿದೆ.

ಎಲ್ಲ ಸುಸೂತ್ರವಾಗಿ ಮುಗೀತಾ? ಕಳ್ಳರಿಲ್ಲದ ಊರಿದೆಯಾ? 2018ರಲ್ಲಿ ಅಮೆರಿಕದ ವಿಜ್ಞಾನಿಗಳಿಗೆ ಒಂದು ಅನುಮಾನ ಬಂತು. ಸಿಎಫ್‌ಸಿ-11 ಇಳಿಯಬೇಕಾದಷ್ಟು ಬೇಗ ಇಳೀತಿಲ್ಲ. 2012ರ ನಂತರ ಯಾರೋ ಎಲ್ಲೋ ಹೊಸದಾಗಿ ಬಿಡ್ತಿದ್ದಾರೆ, ವರ್ಷಕ್ಕೆ ಸುಮಾರು 13,000 ಟನ್. ದಕ್ಷಿಣ ಕೊರಿಯಾದ ಗೋಸಾನ್, ಜಪಾನಿನ ಹತೆರುಮಾ ದ್ವೀಪದ ಗಾಳಿ ಅಳೆಯೋ ಠಾಣೆಗಳ ಲೆಕ್ಕ ತೆಗೆದರು. ಯಾವ ದಿಕ್ಕಿನ ಗಾಳಿ ಬಂದಾಗ ಅಂಕಿ ಏರುತ್ತೆ ಅಂತ ನೋಡಿದರು. 2019ರಲ್ಲಿ ಉತ್ತರ ಬಂತು. ದೊಡ್ಡ ಪಾಲು ಪೂರ್ವ ಚೀನಾದ ಶಾಂಡೊಂಗ್, ಹೆಬೆ ಪ್ರಾಂತ್ಯಗಳ ಸುತ್ತಿನಿಂದ. ಫೋಮ್ ತಯಾರಿಕೆಗೆ ಕದ್ದುಮುಚ್ಚಿ ಬಳಕೆ. ಚೀನಾ ದಾಳಿ ನಡೆಸಿತು, ಕೆಲವೇ ವರ್ಷದಲ್ಲಿ ಅಂಕಿ ಮತ್ತೆ ಇಳಿಯಿತು. ಕಳ್ಳನನ್ನ ಹಿಡಿದದ್ದು ಪೊಲೀಸರಲ್ಲ, ದಿನಾ ಗಾಳಿ ಅಳೆದು ಡೈರಿ ಬರೆಯೋ ಜನ. ಒಪ್ಪಂದ ಅನ್ನೋದು ಕಾಗದ. ಕಾಗದಕ್ಕೆ ಕಣ್ಣು ಕೊಟ್ಟಿದ್ದು ಈ ಅಳತೆ.

ಈಗ ಎಲ್ಲಿದ್ದೀವಿ? 2009ರಲ್ಲಿ ವಿಶ್ವದ ಎಲ್ಲ ದೇಶಗಳೂ ಸಹಿ ಹಾಕಿದ ವಿಶ್ವಸಂಸ್ಥೆಯ ಮೊದಲ ಒಪ್ಪಂದ ಇದಾಯಿತು. ವಿಜ್ಞಾನಿಗಳ 2022ರ ವರದಿಯ ಪ್ರಕಾರ ಈಗಿನ ನಿಯಮ ಹೀಗೇ ನಡೆದರೆ ಓಜೋನ್ ಪದರ 1980ರ ಮಟ್ಟಕ್ಕೆ ಮರಳೋದು ಜಗತ್ತಿನ ಬಹುಭಾಗದಲ್ಲಿ 2040ರ ಸುಮಾರಿಗೆ, ಉತ್ತರ ಧ್ರುವದ ಮೇಲೆ 2045ಕ್ಕೆ, ಅಂಟಾರ್ಕ್ಟಿಕಾದ ಮೇಲೆ 2066ಕ್ಕೆ. ರಾಮನಾಥನ್ ಹೇಳಿದ ಇನ್ನೊಂದು ಮಾತು ನೆನಪಿದೆಯಲ್ಲ? ಸಿಎಫ್‌ಸಿಯಂಥ ಅನಿಲಗಳನ್ನ ನಿಲ್ಲಿಸಿದ್ದರಿಂದ ಈ ಶತಮಾನದ ನಡುವಿನ ಹೊತ್ತಿಗೆ ಆಗಬಹುದಿದ್ದ ಅರ್ಧದಿಂದ ಒಂದು ಡಿಗ್ರಿ ತಾಪ ಏರಿಕೆಯೂ ತಪ್ಪಿದೆ ಅಂತ ಅದೇ ವರದಿ ಹೇಳುತ್ತೆ.

ಹಾಗಾದ್ರೆ ಹವಾಮಾನ ಬದಲಾವಣೆ ವಿಷಯದಲ್ಲಿ ಯಾಕೆ ಇದೇ ಆಗ್ತಿಲ್ಲ? ಸುಲಭದ ಉತ್ತರ ಕೊಡೋದು ಮೋಸ. ಸಿಎಫ್‌ಸಿ ತಯಾರಿಸ್ತಿದ್ದದ್ದು ಬೆರಳೆಣಿಕೆಯ ಕಂಪನಿಗಳು, ಬದಲಿ ಅನಿಲವೂ ಸಿಕ್ಕಿತು. ಕಲ್ಲಿದ್ದಲು, ಪೆಟ್ರೋಲ್ ಹಾಗಲ್ಲ. ನಮ್ಮ ಬದುಕೇ ಅದರ ಮೇಲೆ ನಿಂತಿದೆ. ಆದ್ರೆ ಒಂದು ವ್ಯತ್ಯಾಸ ಕಣ್ಣಿಗೆ ರಾಚುತ್ತೆ. ಓಜೋನ್ ವಿಷಯದಲ್ಲಿ ಹಣದ ಮಾತು ಮೊದಲು ಇತ್ಯರ್ಥ ಆಯಿತು, ಬಡ ದೇಶಗಳು ಆಮೇಲೆ ಕೈ ಜೋಡಿಸಿದವು. ಹವಾಮಾನದಲ್ಲಿ ಶ್ರೀಮಂತ ದೇಶಗಳು 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡ್ತೀವಿ ಅಂತ 2009ರಲ್ಲಿ ಮಾತು ಕೊಟ್ಟವು. ಅವರದೇ ಲೆಕ್ಕದಲ್ಲಿ ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಸಾಲ ಪಡೆದವನು ಎರಡು ವರ್ಷ ತಡ ಮಾಡಿದರೆ ಬ್ಯಾಂಕಿನವರು ಮನೆ ಬಾಗಿಲಿಗೆ ಬರ್ತಾರೆ. ಇಲ್ಲಿ ಯಾರು ಯಾರ ಬಾಗಿಲಿಗೆ ಹೋಗೋದು? ನಂಬಿಕೆ ಮುರಿಯೋದು ಇಂಥ ಕಡೆ.

ಇನ್ನೊಂದು ಮಾತು, ಅದು ನಮ್ಮ ಬಗ್ಗೆ, ಮಾಧ್ಯಮದವರ ಬಗ್ಗೆ. ತೂತು ಬಿದ್ದಾಗ ಅದು ಬ್ರೇಕಿಂಗ್ ನ್ಯೂಸ್. ತೂತು ಮುಚ್ಚೋಕೆ ಹಿಡಿಯೋ 70-80 ವರ್ಷ ಸುದ್ದಿ ಅಲ್ಲ. ಆಗದೇ ಹೋದ ಕ್ಯಾನ್ಸರ್‌ಗೆ ವಿಷುಯಲ್ಸ್ ಇಲ್ಲ, ಒಣಗದೇ ಉಳಿದ ಬೆಳೆಗೆ ಬೈಟ್ ಇಲ್ಲ. ಹೆದರಿಸಿದ್ದನ್ನ ಜೋರಾಗಿ ಹೇಳಿ, ಬಗೆಹರಿದದ್ದನ್ನ 20 ಸೆಕೆಂಡಿಗೆ ತಳ್ಳಿದರೆ ನೋಡೋ ಜನಕ್ಕೆ ಏನನ್ನಿಸುತ್ತೆ? ‘ಅವತ್ತು ಹಂಗೆ ಕಿರುಚಿದ್ರು, ಏನೂ ಆಗಲಿಲ್ಲ, ಎಲ್ಲ ಸುಳ್ಳು’ ಅನ್ನಿಸುತ್ತೆ. ನಾಳೆ ಬೇರೆ ಎಚ್ಚರಿಕೆ ಕೊಟ್ಟರೂ ನಂಬಲ್ಲ. ಆ ಅಪನಂಬಿಕೆಗೆ ಫೋನ್ ಮಾಡಿದವರು ಹೊಣೆ ಅಲ್ಲ. ಹೊಣೆ ಈ ಕಡೆ ಕುರ್ಚಿಯಲ್ಲಿ ಕೂತಿದ್ದ ನನ್ನದು.

ಇವತ್ತು ಮನೆಯಲ್ಲಿ ಫ್ರಿಜ್‌ನ ಹಿಂದೆ ಅಂಟಿಸಿರೋ ಚೀಟಿ ಒಂದ್ಸಲ ನೋಡಿ. ಹೊಸ ಫ್ರಿಜ್ ಆದರೆ ಬಹುತೇಕ ‘ಆರ್-600ಎ’ ಅಂತಿರುತ್ತೆ. ಓಜೋನ್‌ಗೆ ತೊಂದರೆ ಕೊಡದ ಅನಿಲ. ಅಜ್ಜನ ಕಾಲದ ಫ್ರಿಜ್‌ನಲ್ಲಿದ್ದ ಆರ್-12 ಹೋಗಿ ಇದು ಬರೋಕೆ ಕೊಡೈಕೆನಾಲ್‌ನ ಪ್ಲೇಟು, ಹ್ಯಾಲಿ ಬೇಯ ಚಳಿ, ಮಾಂಟ್ರಿಯಲ್‌ನ ಸಹಿ, ಲಂಡನ್‌ನ ಜಗಳ ಎಲ್ಲವೂ ಬೇಕಾಯಿತು. ಕೆಲಸ ಮುಗಿದಿಲ್ಲ. ಸಿಎಫ್‌ಸಿ ಬದಲಿಗೆ ಬಂದ ಎಚ್‌ಎಫ್‌ಸಿಗಳು ಓಜೋನ್‌ಗೆ ಸಾಧು, ಆದರೆ ಭೂಮಿಯನ್ನ ಬಿಸಿ ಮಾಡೋದರಲ್ಲಿ ಘಾಟಿ. 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಅದೇ ಒಪ್ಪಂದದಡಿ ಅವನ್ನೂ ಇಳಿಸೋ ತೀರ್ಮಾನ ಆಗಿದೆ. ಭಾರತ 2032ರಿಂದ ಇಳಿಸಬೇಕು. ಈ ಬೇಸಿಗೆಗೆ ಎಸಿ ಕೊಂಡವರೆಲ್ಲ ಈ ಕಥೆಯ ಮುಂದಿನ ಅಧ್ಯಾಯದಲ್ಲಿ ಇದ್ದೀರಿ.

ತಿಪಟೂರಿನ ಅಣ್ಣಾ, ಈ ಪುಸ್ತಕ ನಿಮ್ಮ ಕೈಗೆ ಬಂದರೆ, ಅವತ್ತಿನ ಪೂರ್ತಿ ಉತ್ತರ ಇದು. ತೂತು ಸುಳ್ಳಲ್ಲ. ಈಗಲೂ ಪ್ರತಿ ಸೆಪ್ಟೆಂಬರ್‌ನಲ್ಲಿ ಅಂಟಾರ್ಕ್ಟಿಕಾದ ಮೇಲೆ ಅದು ತೆರೆದುಕೊಳ್ಳುತ್ತೆ, ನಿಧಾನವಾಗಿ ಚಿಕ್ಕದಾಗ್ತಾ ಇದೆ. ನಿಮ್ಮನ್ನ ಟ್ರೈನಿಂಗ್‌ಗೆ ಕರೆದವರು ಹೇಳಿದ್ದು ನಿಜ. ನೀವು ಗ್ಯಾಸನ್ನ ಗಾಳಿಗೆ ಬಿಡದೆ ಸಿಲಿಂಡರ್‌ಗೆ ತುಂಬಿದ ಒಂದೊಂದು ಸಲವೂ ಲೆಕ್ಕಕ್ಕೆ ಬಂದಿದೆ. ಯಾರೂ ನಿಮಗೆ ಫೋನ್ ಮಾಡಿ ಹೇಳಲಿಲ್ಲ, ಅಷ್ಟೇ.